ಇನ್ಸುಲಿನ್ ಇದ್ದೂ ಸಕ್ಕರೆ ಏರುವುದೇಕೆ?

'ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು' ಎಂಬ ಮಾತು ನಮ್ಮ ಕೂಡ್ಲಿಗಿ, ಕೊಟ್ಟೂರು ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಉಜ್ಜಿನಿಯ ಮರುಳಸಿದ್ಧೇಶ್ವರ ದೇವಾಲಯವನ್ನು ಹೊರಗಿನಿಂದ ಕೈಮುಗಿದು ಹಿಂದಿರುಗಿದವರಿಗೆ ಅಲ್ಲಿನ ಕೆತ್ತನೆಯ ಸೊಗಸು ತಿಳಿಯುವುದಿಲ್ಲ. ಒಳಗೆ ಹೋಗಿ ತಲೆಯೆತ್ತಿ ನೋಡಬೇಕು. ಸಕ್ಕರೆ ಕಾಯಿಲೆಯ ವಿಷಯವೂ ಹೀಗೆಯೇ. ರಕ್ತ ಪರೀಕ್ಷೆಯ ಚೀಟಿಯಲ್ಲಿ ಕಾಣುವ ಅಂಕಿ ಹೊರಗಿನ ಸಂಗತಿ. ಕಾಯಿಲೆಯ ಮುಖ್ಯ ಭಾಗ ನಡೆಯುವುದು ಜೀವಕೋಶದ ಒಳಗೆ.

'ಮೈಯಾಗೆ ಇನ್ಸುಲಿನ್ ಬತ್ತೋಗೈತಂತೆ, ಹೌದೇನ್ರೀ?' ಎಂದು ಕೇಳುವ ರೋಗಿಗಳು ನನಗೆ ವಾರಕ್ಕೆ ನಾಲ್ಕಾರು ಮಂದಿಯಾದರೂ ಸಿಗುತ್ತಾರೆ. ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ಒಂದನೆಯ ಬಗೆಯ ಮಧುಮೇಹದಲ್ಲಿ ಈ ಮಾತು ನಿಜ. ಆದರೆ ನಮ್ಮ ಓಣಿಗಳಲ್ಲಿ, ಸಂತೆಯಲ್ಲಿ, ಮದುವೆ ಮನೆಯಲ್ಲಿ ಕಾಣುವ ಮಧುಮೇಹಿಗಳಲ್ಲಿ ಬಹುಪಾಲು ಮಂದಿ ಎರಡನೆಯ ಬಗೆಯವರು. ಅವರಲ್ಲಿ ಅನೇಕರ ರಕ್ತದಲ್ಲಿ, ಕಾಯಿಲೆಯ ಮೊದಲ ವರ್ಷಗಳಲ್ಲಿ, ಇನ್ಸುಲಿನ್ ಆರೋಗ್ಯವಂತರಿಗಿಂತ ಹೆಚ್ಚೇ ಇರುತ್ತದೆ. ಇನ್ಸುಲಿನ್ ಹೆಚ್ಚಾಗಿದ್ದೂ ಸಕ್ಕರೆ ಏರುವುದು ಹೇಗೆ ಸಾಧ್ಯ ಎಂದು ನೀವು ಕೇಳಬಹುದು. ಈ ಪ್ರಶ್ನೆ ವಿಜ್ಞಾನಿಗಳನ್ನೂ ಬಹಳ ಕಾಲ ಕಾಡಿತ್ತು.

ಇನ್ಸುಲಿನ್ ಪತ್ತೆಯಾದದ್ದು 1921ರಲ್ಲಿ, ಕೆನಡಾದ ಟೊರಾಂಟೊ ನಗರದಲ್ಲಿ. 1922ರ ಜನವರಿಯಲ್ಲಿ 14 ವರ್ಷದ ಒಬ್ಬ ಹುಡುಗನಿಗೆ ಅದನ್ನು ಮೊದಲ ಬಾರಿಗೆ ಚುಚ್ಚಿದರು. ಸಾಯುವ ಸ್ಥಿತಿಯಲ್ಲಿದ್ದ ಮಕ್ಕಳು ಎದ್ದು ಓಡಾಡತೊಡಗಿದಾಗ, ಮಧುಮೇಹವೆಂದರೆ ಇನ್ಸುಲಿನ್ ಕೊರತೆ, ಅಷ್ಟೇ ಎಂದು ಜಗತ್ತು ನಂಬಿದ್ದು ಸಹಜ. 1936ರಲ್ಲಿ ಇಂಗ್ಲೆಂಡಿನ ವೈದ್ಯ ಹೆರಾಲ್ಡ್ ಹಿಮ್ಸ್‌ವರ್ತ್, ಕೆಲವು ರೋಗಿಗಳಿಗೆ ಇನ್ಸುಲಿನ್ ಕೊಟ್ಟೊಡನೆ ಸಕ್ಕರೆ ಇಳಿಯುತ್ತದೆ, ಇನ್ನು ಕೆಲವರಲ್ಲಿ ಅಷ್ಟೇ ಇನ್ಸುಲಿನ್ನಿಗೆ ದೇಹ ಜಗ್ಗುವುದಿಲ್ಲ ಎಂದು ತೋರಿಸಿದರು. 1960ರಲ್ಲಿ ಅಮೆರಿಕದ ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ರಕ್ತದಲ್ಲಿರುವ ಇನ್ಸುಲಿನ್ನನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದರು. ಅಳೆದು ನೋಡಿದರೆ, ವಯಸ್ಕ ಮಧುಮೇಹಿಗಳ ರಕ್ತದಲ್ಲಿ ಇನ್ಸುಲಿನ್ ಧಾರಾಳವಾಗಿತ್ತು! ಹಾಗಾದರೆ ಕೊರತೆ ಇರುವುದು ಇನ್ಸುಲಿನ್ನಿನಲ್ಲಲ್ಲ, ಅದರ ಮಾತನ್ನು ಕೇಳಿಸಿಕೊಳ್ಳುವ ಕಿವಿಯಲ್ಲಿ ಎಂಬ ಸಂಶಯ ಬಲವಾಯಿತು. ಆ ಕಿವಿಯೇ ಇನ್ಸುಲಿನ್ ಗ್ರಾಹಕ. ಇಂಗ್ಲಿಷಿನ ರಿಸೆಪ್ಟರ್ ಎಂಬ ಪದವೂ ನಿಮ್ಮ ಕಿವಿಗೆ ಬಿದ್ದಿರಬಹುದು.

ಬಾಗಿಲಿಗೊಂದು ಕರೆಗಂಟೆ

ಇನ್ಸುಲಿನ್ ಎಂದರೆ ಜೀವಕೋಶದ ಬಾಗಿಲು ತೆಗೆಯುವ ಬೀಗದ ಕೈ ಎಂಬ ಹೋಲಿಕೆಯನ್ನು ನೀವು ಓದಿರಬಹುದು. ಹೋಲಿಕೆ ಸುಲಭ, ಆದರೆ ಅರ್ಧ ಸತ್ಯ. ಕೈ ತಿರುಗಿಸಿದೊಡನೆ ಅಲ್ಲೇ ಬಾಗಿಲು ತೆರೆಯುವುದಿಲ್ಲ. ಇನ್ಸುಲಿನ್ ಮಾಡುವುದು ಕರೆಗಂಟೆ ಒತ್ತುವ ಕೆಲಸ. ಗಂಟೆಯ ಸದ್ದು ಒಳಗಿನವರಿಗೆ ಕೇಳಿಸಬೇಕು, ಒಬ್ಬರು ಇನ್ನೊಬ್ಬರಿಗೆ ಹೇಳಬೇಕು, ಕಡೆಗೆ ಹಿತ್ತಿಲಿನಲ್ಲಿ ಕೂತವನು ಎದ್ದು ಬಂದು ಬಾಗಿಲು ತೆಗೆಯಬೇಕು.

ನೀವು ಎರಡು ಜೋಳದ ರೊಟ್ಟಿ, ಪಲ್ಯ, ಒಂದಿಷ್ಟು ಅನ್ನ ಉಂಡಿರೆಂದು ಇಟ್ಟುಕೊಳ್ಳೋಣ. ಪಿಷ್ಟವು ಕರುಳಿನಲ್ಲಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಆರೋಗ್ಯವಂತನ ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಎಷ್ಟು ಗೊತ್ತೇ? ಸುಮಾರು ಒಂದು ಟೀ ಚಮಚದಷ್ಟು. ಊಟದಿಂದ ಬರುವುದು ಅದರ ಹತ್ತಾರು ಪಟ್ಟು. ಅದನ್ನು ಬೇಗಬೇಗ ಒಳಗೆ ಸೇರಿಸದಿದ್ದರೆ ಅನಾಹುತ. ಆದ್ದರಿಂದ ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯು ಇನ್ಸುಲಿನ್ನನ್ನು ಸ್ರವಿಸುತ್ತದೆ. ಅದು ಮೊದಲು ಯಕೃತ್ತಿಗೆ, ಆಮೇಲೆ ಸ್ನಾಯು ಮತ್ತು ಕೊಬ್ಬಿನ ಕೋಶಗಳಿಗೆ ತಲಪುತ್ತದೆ. ರಕ್ತದಲ್ಲಿ ಅದರ ಆಯುಷ್ಯ ಕೆಲವೇ ನಿಮಿಷ.

ಕೋಶದ ಪೊರೆಯಲ್ಲಿ ನೆಟ್ಟಿರುವ ಗ್ರಾಹಕವು ಎರಡು ಜೊತೆ ಭಾಗಗಳಿಂದಾದ ಒಂದು ಪ್ರೋಟೀನು. ಆಲ್ಫಾ ಎಂಬ ಎರಡು ಭಾಗಗಳು ಪೊರೆಯ ಹೊರಗೆ ಇರುತ್ತವೆ. ಬೀಟಾ ಎಂಬ ಎರಡು ಭಾಗಗಳು ಪೊರೆಯನ್ನು ತೂರಿ ಒಳಕ್ಕೆ ಇಳಿಬಿದ್ದಿರುತ್ತವೆ. ಎಲ್ಲ ಕೋಶಗಳಲ್ಲೂ ಇವು ಒಂದೇ ಸಂಖ್ಯೆಯಲ್ಲಿಲ್ಲ. ಒಂದು ಕೆಂಪು ರಕ್ತಕಣದ ಮೇಲೆ ಕೇವಲ 40ರಷ್ಟಿದ್ದರೆ, ಯಕೃತ್ತಿನ ಅಥವಾ ಕೊಬ್ಬಿನ ಒಂದೊಂದು ಕೋಶದ ಮೇಲೆ ಎರಡು ಲಕ್ಷಕ್ಕೂ ಮಿಗಿಲಾಗಿರಬಹುದು. ಇನ್ಸುಲಿನ್ ಯಾರ ಜೊತೆ ಹೆಚ್ಚು ಮಾತನಾಡಬೇಕೆಂಬುದನ್ನು ಪ್ರಕೃತಿ ಹೀಗೆ ಗೊತ್ತುಮಾಡಿದೆ.

ಇನ್ಸುಲಿನ್ ಹೊರಗಿನ ಆಲ್ಫಾ ಭಾಗವನ್ನು ಹಿಡಿದುಕೊಂಡಾಗ ಇಡೀ ಗ್ರಾಹಕದ ಆಕಾರವೇ ಬದಲಾಗುತ್ತದೆ. ಒಳಗಿನ ಎರಡು ಬೀಟಾ ಬಾಲಗಳು ಹತ್ತಿರ ಬಂದು, ಒಂದು ಇನ್ನೊಂದಕ್ಕೆ ಫಾಸ್ಫೇಟ್ ಎಂಬ ಚಿಕ್ಕ ತುಣುಕನ್ನು ಅಂಟಿಸುತ್ತವೆ. ಕುಂಕುಮ ಇಟ್ಟು ಕರೆದಂತೆ ಎನ್ನೋಣ. ಗ್ರಾಹಕವು ಬರೀ ಗೂಟವಲ್ಲ, ಸ್ವತಃ ಕೆಲಸ ಮಾಡುವ ಕಿಣ್ವ ಎಂಬ ಈ ಸಂಗತಿ 1982ರಲ್ಲಿ ಅಮೆರಿಕದಲ್ಲಿ ರೊನಾಲ್ಡ್ ಕಾನ್ ಮತ್ತು ಅವರ ಸಂಗಡಿಗರಿಂದ ಬೆಳಕಿಗೆ ಬಂತು. 1985ರಲ್ಲಿ ಗ್ರಾಹಕದ ವಂಶವಾಹಿಯ ಪೂರ್ಣ ಅಕ್ಷರಮಾಲೆಯೂ ಓದಲು ಸಿಕ್ಕಿತು.

ಕುಂಕುಮ ಕಂಡೊಡನೆ ಪಕ್ಕದಲ್ಲೇ ಕಾದಿರುವ ಐ.ಆರ್.ಎಸ್. ಎಂಬ ಪ್ರೋಟೀನು ಬಂದು ಕೂರುತ್ತದೆ. ಅದಕ್ಕೂ ಫಾಸ್ಫೇಟ್ ಅಂಟುತ್ತದೆ. ಅದು ಪಿ.ಐ. 3-ಕೈನೇಸ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ, ಅಲ್ಲಿಂದ ಸುದ್ದಿ ಎ.ಕೆ.ಟಿ. ಎಂಬ ಇನ್ನೊಂದಕ್ಕೆ ಹೋಗುತ್ತದೆ. ಈ ಹೆಸರುಗಳನ್ನು ನೀವು ನೆನಪಿಟ್ಟುಕೊಳ್ಳಬೇಕಾಗಿಲ್ಲ. ನಾವೂ ಪರೀಕ್ಷೆ ಮುಗಿದ ಮೇಲೆ ಮರೆತೇ ಇದ್ದೆವು. ನೆನಪಿಡಬೇಕಾದದ್ದು ಕೊನೆಯ ಹಂತ. ಸ್ನಾಯು ಕೋಶದ ಒಳಗೆ ಪುಟ್ಟ ಪುಟ್ಟ ಚೀಲಗಳಿವೆ. ಅವುಗಳಲ್ಲಿ ಗ್ಲೂಕೋಸ್ ಒಳಬರುವ ಬಾಗಿಲುಗಳು ಮಡಚಿಟ್ಟಂತೆ ಇರುತ್ತವೆ. ಇವಕ್ಕೆ ಗ್ಲುಟ್-4 ಎಂದು ಹೆಸರು. ಸುದ್ದಿ ಮುಟ್ಟಿದಾಗ ಚೀಲಗಳು ಮೇಲೇರಿ ಪೊರೆಗೆ ಕೂಡಿಕೊಳ್ಳುತ್ತವೆ, ಬಾಗಿಲು ಸಾಲುಸಾಲಾಗಿ ತೆರೆಯುತ್ತದೆ, ಗ್ಲೂಕೋಸ್ ಒಳಕ್ಕೆ ನುಗ್ಗುತ್ತದೆ. ಊಟದ ಸಕ್ಕರೆ ಕರಗಿ ಮುಗಿದ ಮೇಲೆ ಬಾಗಿಲುಗಳು ಮತ್ತೆ ಚೀಲ ಸೇರುತ್ತವೆ. ಇಷ್ಟೆಲ್ಲವೂ ನೀವು ಉಂಡು ಎಲೆ ಅಡಿಕೆ ಹಾಕುವಷ್ಟರಲ್ಲಿ ಶುರುವಾಗಿರುತ್ತದೆ.

ಯಕೃತ್ತಿನಲ್ಲಿ ಇದೇ ಸುದ್ದಿಗೆ ಬೇರೆ ಅರ್ಥ. ರಾತ್ರಿ ಉಪವಾಸದಲ್ಲಿ ಯಕೃತ್ತು ತಾನೇ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ. 'ಊಟ ಬಂದಿದೆ, ನಿನ್ನ ತಯಾರಿಕೆ ನಿಲ್ಲಿಸು' ಎಂದು ಇನ್ಸುಲಿನ್ ಅದಕ್ಕೆ ಹೇಳುತ್ತದೆ. ಕೊಬ್ಬಿನ ಕೋಶಕ್ಕೆ 'ಕೊಬ್ಬು ಕರಗಿಸಬೇಡ, ಕೂಡಿಡು' ಎನ್ನುತ್ತದೆ. ಮಿದುಳಿಗೆ ಗ್ಲೂಕೋಸ್ ಪಡೆಯಲು ಇನ್ಸುಲಿನ್ನಿನ ಅಪ್ಪಣೆ ಬೇಕಿಲ್ಲ.

ಕಿವಿ ಮಂದವಾಗುವುದು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸ್ನಾಯು ಮತ್ತು ಯಕೃತ್ತಿನ ಕೋಶಗಳ ಒಳಗೆ ಕೊಬ್ಬಿನ ಕಣಗಳು ಸೇರಿಕೊಂಡಾಗ, ಅವುಗಳಿಂದ ಹುಟ್ಟುವ ಕೆಲವು ವಸ್ತುಗಳು ಆ ಐ.ಆರ್.ಎಸ್. ಪ್ರೋಟೀನಿನ ತಪ್ಪು ಜಾಗಕ್ಕೆ ಫಾಸ್ಫೇಟ್ ಅಂಟುವಂತೆ ಮಾಡುತ್ತವೆ. ಹಣೆಗೆ ಇಡಬೇಕಾದ ಕುಂಕುಮ ಕಣ್ಣಿಗೆ ಬಿದ್ದಂತೆ. ಹೊರಗೆ ಗಂಟೆ ಬಾರಿಸುತ್ತಿದೆ, ಒಳಗೆ ಸುದ್ದಿ ಮುಂದಕ್ಕೆ ಸಾಗುತ್ತಿಲ್ಲ. ಬಾಗಿಲು ಚೀಲದಲ್ಲೇ ಉಳಿಯುತ್ತದೆ. ಇದಕ್ಕೆ ಇನ್ಸುಲಿನ್ ಪ್ರತಿರೋಧ ಎಂದು ಹೆಸರು. ಗ್ರಂಥಿ ಸುಮ್ಮನಿರುವುದಿಲ್ಲ, ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ, ಜೋರಾಗಿ ಕೂಗಿ ಕೇಳಿಸುತ್ತದೆ. ಸದಾ ಕೂಗುವವರಿದ್ದರೆ ಮನೆಯವರು ಕಿವಿಗೆ ಹತ್ತಿ ಇಟ್ಟುಕೊಳ್ಳುವಂತೆ, ಇನ್ಸುಲಿನ್ ಸದಾ ಹೆಚ್ಚಿದ್ದರೆ ಕೋಶವು ಪೊರೆಯ ಮೇಲಿನ ಗ್ರಾಹಕಗಳನ್ನೇ ಒಳಗೆಳೆದು ಕಡಿಮೆ ಮಾಡಿಕೊಳ್ಳುತ್ತದೆ. ಹೀಗೆ ಎಷ್ಟೋ ವರ್ಷ ಕೂಗಿ ಕೂಗಿ ಗ್ರಂಥಿ ದಣಿದಾಗ ಮಾತ್ರ ಚೀಟಿಯಲ್ಲಿ ಸಕ್ಕರೆ ಏರುತ್ತದೆ. ಬರಿಹೊಟ್ಟೆಯಲ್ಲಿ 126 ಮುಟ್ಟಿದ ದಿನ ಕಾಯಿಲೆ ಶುರುವಾಯಿತು ಎಂದುಕೊಳ್ಳುತ್ತೇವೆ. ಶುರುವಾಗಿ ಹಲವು ವರ್ಷವೇ ಆಗಿರುತ್ತದೆ.

ಈ ಗುಪ್ತ ವರ್ಷಗಳಲ್ಲಿ ಹೊರಗೆ ಕಾಣುವ ಒಂದು ಗುರುತು ಇದೆ, ಅದನ್ನು ತಾಯಂದಿರು ಗಮನಿಸಬೇಕು. ಕುತ್ತಿಗೆಯ ಹಿಂಭಾಗ, ಕಂಕುಳು, ಕೆಲವರಲ್ಲಿ ಬೆರಳ ಗಂಟುಗಳ ಮೇಲೆ ಚರ್ಮ ಕಪ್ಪಾಗಿ, ದಪ್ಪನಾಗಿ, ಮುಟ್ಟಿದರೆ ಮಖಮಲ್ಲಿನಂತೆ ಇರುತ್ತದೆ. 'ಸ್ನಾನ ಸರಿ ಮಾಡಲ್ಲ, ಕುತ್ತಿಗೆ ತುಂಬಾ ಕೊಳೆ' ಎಂದು ಹುಡುಗಿಯನ್ನು ಬೈದು, ಕಡಲೆಹಿಟ್ಟು, ನಿಂಬೆಹಣ್ಣು, ಕೊನೆಗೆ ತೆಂಗಿನ ನಾರು ಹಾಕಿ ಉಜ್ಜುವವರನ್ನು ನಾನು ನೋಡಿದ್ದೇನೆ. ಅದು ಕೊಳೆಯಲ್ಲ. ಸಕ್ಕರೆಯ ಮಾತು ಕೇಳದ ದೇಹದಲ್ಲಿ ಇನ್ಸುಲಿನ್ ವಿಪರೀತ ಹೆಚ್ಚಿದಾಗ, ಅದು ಚರ್ಮದ ಕೋಶಗಳಿಗೆ ಬೆಳೆಯಿರಿ ಎಂದು ಹೇಳುತ್ತಲೇ ಇರುತ್ತದೆ; ಆ ಮಾತು ಮಾತ್ರ ಅಲ್ಲಿ ಚೆನ್ನಾಗಿ ಕೇಳಿಸುತ್ತದೆ. ಅಂಥ ಹುಡುಗಿಗೆ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದ್ದರೆ, ಗದ್ದದ ಮೇಲೆ ಕೂದಲು ಹೆಚ್ಚಿದ್ದರೆ, ಮುಲಾಮು ಕೊಳ್ಳುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ತೂಕ ಇಳಿದಾಗ ಕಪ್ಪು ತಾನಾಗಿ ತಿಳಿಯಾಗುವುದುಂಟು.

ಗ್ರಾಹಕದ ವಂಶವಾಹಿಯೇ ಕೆಟ್ಟಿರುವ ಮಕ್ಕಳೂ ಹುಟ್ಟುತ್ತಾರೆ, ಆದರೆ ಅದು ಅತ್ಯಂತ ವಿರಳ. ನಮ್ಮ ನಿಮ್ಮ ಕಾಯಿಲೆಯಲ್ಲಿ ಗಂಟೆ ಸರಿಯಾಗಿಯೇ ಇರುತ್ತದೆ, ಕೆಟ್ಟಿರುವುದು ಒಳಗಿನ ತಂತಿ.

ತೆಳ್ಳಗಿದ್ದವರಿಗೂ ಏಕೆ?

'ನಾನು ಹೊಲ ಗೆಯ್ದು ತಿಂದವನು, ಮೈಮೇಲೆ ಖಂಡವೇ ಇಲ್ಲ, ಶ್ರೀಮಂತರ ಕಾಯಿಲೆ ನನಗೇಕೆ?' ಇದು ಇನ್ನೊಂದು ಸಾಮಾನ್ಯ ಪ್ರಶ್ನೆ, ಮತ್ತು ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರದ ಒಂದು ಭಾಗ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಅಲ್ಲಿಯ ಹಳಬರು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಅಲ್ಲಿ 1934ರಿಂದಲೂ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ಹೆರಿಗೆ ದಾಖಲೆಗಳಿದ್ದವು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಡಾ. ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು, ಹಾಗೆ ಹುಟ್ಟಿ ನಡುವಯಸ್ಸು ತಲಪಿದ್ದ ಸುಮಾರು 500 ಮಂದಿಯನ್ನು ಹುಡುಕಿ ಪರೀಕ್ಷಿಸಿ 1998ರಲ್ಲಿ ವರದಿ ಪ್ರಕಟಿಸಿದರು. ಹುಟ್ಟುವಾಗ ಗಿಡ್ಡವಾಗಿದ್ದು ಉದ್ದಕ್ಕೆ ಹೋಲಿಸಿದರೆ ದಪ್ಪವಾಗಿದ್ದವರಲ್ಲಿ, ಮತ್ತು ತಾಯಿಯ ತೂಕ ಹೆಚ್ಚಾಗಿದ್ದವರಲ್ಲಿ ಮಧುಮೇಹ ಹೆಚ್ಚು ಕಂಡುಬಂತು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ನೋಂದಾಯಿಸಿ, ಅವರ ಮಕ್ಕಳನ್ನು ವರ್ಷ ವರ್ಷವೂ ಹಿಂಬಾಲಿಸುವ ಇನ್ನೊಂದು ಅಧ್ಯಯನ ಆರಂಭವಾಯಿತು. ಡಾ. ಜಿ. ವಿ. ಕೃಷ್ಣವೇಣಿ ಅವರ ಹೆಸರು ಇದರೊಡನೆ ಸೇರಿಕೊಂಡಿದೆ. ಬ್ರಿಟನ್ನಿನ ಶಿಶುಗಳಿಗೆ ಹೋಲಿಸಿದರೆ ಮೈಸೂರಿನ ಶಿಶುಗಳು ತೂಕದಲ್ಲಿ ಸಣ್ಣವು. ಆದರೆ ಬೆನ್ನಿನ ಮೇಲೆ, ಭುಜದ ಮೂಳೆಯ ಕೆಳಗೆ ಚರ್ಮದಡಿಯ ಕೊಬ್ಬು ಮಾತ್ರ ಕಡಿಮೆ ಇರಲಿಲ್ಲ. ಅಂದರೆ ನಮ್ಮ ಕೂಸು ಕೊರತೆ ಬಿದ್ದಾಗ ಸ್ನಾಯುವನ್ನು ಬಿಟ್ಟುಕೊಡುತ್ತದೆ, ಕೊಬ್ಬನ್ನು ಉಳಿಸಿಕೊಳ್ಳುತ್ತದೆ. ಪುಣೆಯಲ್ಲಿ ಡಾ. ಯಾಜ್ಞಿಕ್ ಅವರೂ ಇದನ್ನೇ ಕಂಡಿದ್ದರು.

ಸ್ನಾಯು ಕಡಿಮೆ ಎಂದರೆ ಗ್ಲೂಕೋಸಿಗೆ ಬಾಗಿಲುಗಳೇ ಕಡಿಮೆ. ಮೇಲಿಂದ ತೆಳ್ಳಗೆ ಕಾಣುವ ಮನುಷ್ಯನ ಹೊಟ್ಟೆಯೊಳಗೆ, ಯಕೃತ್ತಿನಲ್ಲಿ ಕೊಬ್ಬು ಕೂತಿರಬಹುದು. ಆದ್ದರಿಂದ ತಕ್ಕಡಿಗಿಂತ ಅಳತೆ ಟೇಪನ್ನು ನಾನು ಹೆಚ್ಚು ನಂಬುತ್ತೇನೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದ್ದರೆ, ತೂಕ ಎಷ್ಟೇ ಇರಲಿ, ಎಚ್ಚರ ಬೇಕು. ಅದೇ ಮೈಸೂರು ಅಧ್ಯಯನದಲ್ಲಿ ಗರ್ಭಿಣಿಯರಲ್ಲಿ ಶೇ. 6ಕ್ಕೂ ಹೆಚ್ಚು ಮಂದಿಗೆ ಗರ್ಭಕಾಲದ ಮಧುಮೇಹ ಇತ್ತು. ಅಂಥ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗಾಗಲೇ ಮೈಕೊಬ್ಬೂ, ಗ್ಲೂಕೋಸ್ ಕುಡಿಸಿದಾಗ ಏರುವ ಇನ್ಸುಲಿನ್ ಮಟ್ಟವೂ ಹೆಚ್ಚಾಗಿದ್ದವು. ನಿಮ್ಮ ಮನೆಯ ಗರ್ಭಿಣಿಗೆ ಮೊದಲ ಭೇಟಿಯಲ್ಲೂ, 24ರಿಂದ 28ನೆಯ ವಾರದಲ್ಲೂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಆಗಿದೆಯೇ ಎಂದು ತಾಯಿ ಕಾರ್ಡು ತೆಗೆದು ನೋಡಿ.

ದೇಶದ ಲೆಕ್ಕ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ಮಧುಮೇಹಿಗಳ ಅಂದಾಜು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ನಮ್ಮ ಹಳ್ಳಿಗಳು ಇದರಿಂದ ಹೊರಗಿಲ್ಲ. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ನವಣೆ ಹಿಂದಾಗಿ ಬಿಳಿ ಅನ್ನ ಮುಂದಾಯಿತು, ಹೊಲಕ್ಕೆ ಹೋಗಲೂ ಬೈಕು. ಚಹಾ ಅಂಗಡಿಯಲ್ಲಿ ದಿನಕ್ಕೆ ಆರು ಸಲ ಸಿಹಿ ಚಹಾ.

ಹಿತ್ತಿಲ ಬಾಗಿಲು

ಇನ್ನು ಈ ಲೇಖನದಲ್ಲಿ ನನಗೆ ಮುಖ್ಯವಾಗಿ ಹೇಳಬೇಕಾದ ಸಂಗತಿ. ಸ್ನಾಯುವಿನಲ್ಲಿರುವ ಆ ಗ್ಲುಟ್-4 ಬಾಗಿಲುಗಳನ್ನು ಮೇಲೆಬ್ಬಿಸಲು ಇನ್ಸುಲಿನ್ ಒಂದೇ ದಾರಿಯಲ್ಲ. ಸ್ನಾಯು ಸಂಕುಚಿಸಿದಾಗ, ಎಂದರೆ ನೀವು ನಡೆದಾಗ, ಭಾರ ಎತ್ತಿದಾಗ, ಮೆಟ್ಟಿಲು ಹತ್ತಿದಾಗ, ಇನ್ಸುಲಿನ್ ಗ್ರಾಹಕವನ್ನೂ ಐ.ಆರ್.ಎಸ್.ಅನ್ನೂ ಕೇಳದೆ ಬೇರೊಂದು ತಂತಿಯ ಮೂಲಕ ಅದೇ ಬಾಗಿಲುಗಳು ಪೊರೆಗೆ ಬರುತ್ತವೆ. ಮುಂಬಾಗಿಲ ಗಂಟೆ ಕೆಟ್ಟ ಮನೆಗೆ ಹಿತ್ತಿಲ ಬಾಗಿಲು ತೆರೆದಿದ್ದಂತೆ. ಎರಡನೆಯ ಬಗೆಯ ಮಧುಮೇಹಿಗಳಲ್ಲೂ ಈ ಹಿತ್ತಿಲ ಬಾಗಿಲು ಚೆನ್ನಾಗಿಯೇ ಇರುತ್ತದೆ. 'ವಾಕಿಂಗ್ ಮಾಡಿ' ಎಂದು ವೈದ್ಯರು ಹೇಳುವುದು ಹೊಟ್ಟೆ ಕರಗಲಿ ಎಂದಷ್ಟೇ ಅಲ್ಲ. ತೂಕ ಒಂದು ಕಿಲೋ ಇಳಿಯದಿದ್ದರೂ ಆ ಹೊತ್ತಿನ ನಡಿಗೆ ಆ ಹೊತ್ತಿನ ಸಕ್ಕರೆಯನ್ನು ಒಳಗೆಳೆಯುತ್ತದೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಓಣಿಯಲ್ಲಿ ತಿರುಗಾಡಿ ನೋಡಿ.

ನಡಿಗೆಯ ನಂತರ ಇನ್ಸುಲಿನ್ನಿನ ಮಾತನ್ನೂ ಸ್ನಾಯು ಮೊದಲಿಗಿಂತ ಚೆನ್ನಾಗಿ ಕೇಳುತ್ತದೆ. ಆದರೆ ಈ ಗುಣ ಒಂದೆರಡು ದಿನ ಮಾತ್ರ ಉಳಿಯುತ್ತದೆ. ಭಾನುವಾರ ಒಂದೇ ದಿನ ಎರಡು ತಾಸು ನಡೆದು ವಾರವಿಡೀ ಕೂತರೆ ಲೆಕ್ಕ ಸರಿಹೋಗದು. ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬೇಡಿ.

ಮಾತ್ರೆಗಳ ಬಗ್ಗೆ ಎರಡು ಮಾತು. ಮೆಟ್‌ಫಾರ್ಮಿನ್ ಮುಖ್ಯವಾಗಿ ಯಕೃತ್ತಿನ ಸಕ್ಕರೆ ತಯಾರಿಕೆಯನ್ನು ತಗ್ಗಿಸುತ್ತದೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯವು ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ. ಒಬ್ಬರದು ಇನ್ನೊಬ್ಬರಿಗೆ ಆಗದು. ಪಕ್ಕದ ಮನೆಯ ಚೀಟಿ ತೋರಿಸಿ ಔಷಧಿ ಅಂಗಡಿಯಲ್ಲಿ ಕೊಳ್ಳುವುದು ಅಪಾಯ. ಗ್ರಂಥಿ ನಿಜವಾಗಿ ದಣಿದ ಮೇಲೆ ಇನ್ಸುಲಿನ್ ಚುಚ್ಚಿಕೊಳ್ಳಬೇಕೆಂದರೆ ಅದು ಕೊನೆಗಾಲದ ಲಕ್ಷಣವೂ ಅಲ್ಲ, ಚಟವೂ ಅಲ್ಲ. ಒಂದನೆಯ ಬಗೆಯ ಮಕ್ಕಳ ವಿಷಯ ಇದಕ್ಕೆ ಪೂರ್ತಿ ತಿರುವು. ಅವರ ಗಂಟೆ, ತಂತಿ, ಬಾಗಿಲು ಎಲ್ಲ ಸರಿ, ಗಂಟೆ ಒತ್ತುವವನೇ ಇಲ್ಲ. ಬೇರು, ಕಷಾಯ, ಪುಡಿ ಯಾವುದನ್ನು ನಂಬಿಯೂ ಆ ಮಕ್ಕಳ ಇನ್ಸುಲಿನ್ ನಿಲ್ಲಿಸಬಾರದು. ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಈ ವಿಷಯದಲ್ಲಿ ನನಗೆ ಯಾವ ಮುಲಾಜೂ ಇಲ್ಲ.

ಕೊಟ್ಟೂರೇಶ್ವರ ರಥೋತ್ಸವಕ್ಕೆ ದೂರ ದೂರದಿಂದ ಪಾದಯಾತ್ರೆ ಬರುವವರಲ್ಲಿ ಈಗ ಮಧುಮೇಹಿಗಳೂ ಬಹಳ. ನಡೆಯುವುದು ಒಳ್ಳೆಯದೇ, ಆದರೆ ಹಿತ್ತಿಲ ಬಾಗಿಲು ದಿನವಿಡೀ ತೆರೆದಿರುವಾಗ, ಜೊತೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಮಾತ್ರೆಯೂ ಸೇರಿದರೆ ಸಕ್ಕರೆ ಪಾತಾಳಕ್ಕೆ ಇಳಿಯಬಹುದು. ಹೊರಡುವ ವಾರದ ಮೊದಲೇ ನಿಮ್ಮ ವೈದ್ಯರಲ್ಲಿ ಪ್ರಮಾಣವನ್ನು ಕೇಳಿಕೊಳ್ಳಿ. ಉಪವಾಸ ನಡೆಯಬೇಡಿ. ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಇರಲಿ. ಬೆವರು, ಕೈನಡುಕ, ಎದೆಬಡಿತ, ತಡೆಯಲಾರದ ಹಸಿವು, ಮಾತು ತೊದಲು ಕಂಡರೆ ಕೂಡಲೇ ಕೂತು ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಯಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಸುರಿಯಬೇಡಿ, ಆಸ್ಪತ್ರೆಗೆ ಸಾಗಿಸಿ. ಇನ್ಸುಲಿನ್ ಸೀಸೆಯನ್ನು ಬಿಸಿಲಿನಲ್ಲಿ ಕಾದ ಚೀಲದಲ್ಲಿಟ್ಟರೆ ಅದರ ಶಕ್ತಿ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಡಬ್ಬಿಯಲ್ಲಿ ಒಯ್ಯಿರಿ, ಮನೆಯಲ್ಲಿ ಫ್ರಿಜ್ ಇಲ್ಲದವರು ನೀರಿನ ಮಣ್ಣಿನ ಗಡಿಗೆಯ ಆಸರೆ ಪಡೆಯಬಹುದು. ಬರಿಗಾಲಿನ ಹರಕೆ ಇದ್ದವರು ಹಿರಿಯರೊಡನೆ ಮಾತನಾಡಿ ಚಪ್ಪಲಿಗೆ ಒಪ್ಪಿಸಿಕೊಳ್ಳಿ. ಪಾದ ಜೋಮು ಹಿಡಿದವರಿಗೆ ಮುಳ್ಳು ಚುಚ್ಚಿದ್ದು ಗೊತ್ತಾಗುವುದಿಲ್ಲ, ಕಾದ ಡಾಂಬರು ಸುಟ್ಟದ್ದೂ ಗೊತ್ತಾಗುವುದಿಲ್ಲ. ಸಂಜೆ ತಂಗಿದಲ್ಲಿ ಪಾದ ತೊಳೆದು, ಬೆರಳ ಸಂದಿ ಒರೆಸಿ, ಅಂಗಾಲನ್ನು ಜೊತೆಯವರಿಗೆ ತೋರಿಸಿ. ಗುಳ್ಳೆ ಎದ್ದಿದ್ದರೆ ಸೂಜಿಯಿಂದ ಒಡೆಯದೆ, ಮರುದಿನದ ನಡಿಗೆ ಬಿಟ್ಟು, ಹತ್ತಿರದ ಆಸ್ಪತ್ರೆಯಲ್ಲಿ ತೋರಿಸಿ.